ಅರ್ಧ ಗಂಟೆಯ ಕಾರವಾರ

ಹನ್ನೊಂದೂ ಹತ್ತಕ್ಕೆ ಮುಟ್ಟುತ್ತದೆ ನಮ್ಮ ಗಾಡಿ,
ಹನ್ನೊಂದೂ ನಲವತ್ತಕ್ಕೆ ಹೊರಡುತ್ತದೆ.
ನಡುವಿನ ಅರ್ಧ ಗಂಟೆಯೇ ನನ್ನ ಕಾರವಾರ:
ಕಂಟ್ರೋಲರ್ ಕಿಟಕಿ, ಒಂದು ಸಹಿ,
ಶಾಂತಾರಾಮನ ಕ್ಯಾಂಟೀನಿನ ಎರಡು ಬನ್ಸು,
ಕೈ ತೊಳೆಯಲು ಸೋರುವ ನಲ್ಲಿ.
ಒಂಬತ್ತು ವರ್ಷ.

"ಎಂತೆಲ್ಲ ಇದೆ ಅಲ್ಲಿ?" ಕೇಳುತ್ತಾಳೆ ನಾಗವೇಣಿ,
"ದಿನಾ ಹೋಗುವವರಲ್ಲವಾ ನೀವು?"

ಅವಳು ಪ್ರೆಸ್ಸಿನವಳು.
ಶಿರಸಿ ಪೇಟೆಯ ಹಿಂಬದಿ ಕೋಣೆ, ಹಗಲೂ ಉರಿವ ಟ್ಯೂಬ್‌ಲೈಟು,
ಊರವರ ಲಗ್ನಪತ್ರಿಕೆ ಮಡಚಿ ಮಡಚಿ
ಸವೆದಿದೆ ಹೆಬ್ಬೆರಳಿನ ಉಗುರು.
ಯಾರದು ಕೂಡಿತು, ಯಾರದು ಮುರಿಯಿತು,
ಹುಡುಗಿಯ ಮಾವನಿಗಿಂತ ಮೊದಲು ಅವಳಿಗೆ ಗೊತ್ತು.
ಧನುರ್ಮಾಸ ಬಂತೆಂದರೆ ಮುಹೂರ್ತವಿಲ್ಲ,
ಮಡಚಲು ಏನೂ ಇಲ್ಲ.
"ಶನಿವಾರ ಹೋಗಿ ಐತವಾರ ಬರುವ.
ನಂಗೆ ಬಿಸಿಲು ಬೇಕು ಮಾರಾಯ್ರೆ,
ಬೆನ್ನು ಕಾಯುವಂಥ ಬಿಸಿಲು."
ಇಲ್ಲಿ ಹತ್ತು ಗಂಟೆಗೂ ಇಬ್ಬನಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು.

ಪಟ್ಟಿ ಶುರುವಾಯಿತು, ಹಾಳಾದ ಕಾರ್ಡಿನ ಬೆನ್ನ ಮೇಲೆ.
ವರ ವಿನಾಯಕ, ಅಚ್ಚಿನಲ್ಲಿ ವಿಯಾನಕ ಆಗಿ
ಇನ್ನೂರು ಪ್ರತಿ ನಮ್ಮ ಮನೆ ಸೇರಿದ್ದವು.
ಹಾಲಿನ ಲೆಕ್ಕ, ಗ್ಯಾಸಿನ ನಂಬರು, ಈಗ ಸಮುದ್ರ,
ಎಲ್ಲವನ್ನೂ ಹೊರುತ್ತಾನೆ ಪಾಪ ವಿಯಾನಕ.
ಛತ್ರಿ. ಹಳೆ ಸೀರೆ, ಕೂರಲಿಕ್ಕೆ.
ರಬ್ಬರ್ ಚಪ್ಪಲಿ, ಅವರದ್ದು ಹೊಸದು ತರಬೇಕು.
ನಗ್ಲಿ ಫ್ರೈ ಎರಡು ಪ್ಲೇಟು, ದರ ಕೇಳಬಾರದು.

ಲಾಡ್ಜಿಗೆ ಫೋನು ಮಾಡಿದೆ, ಸ್ಪೀಕರ್ ಹಾಕಿ.
ಒಂಬೈನೂರು. ಸಮುದ್ರ ಕಾಣಬೇಕಾದರೆ ಸಾವಿರದ ಆರುನೂರು.
ಒಂಬೈನೂರರಲ್ಲಿ ಏನು ಕಾಣುತ್ತದೆ ಎಂದೆ.
"ನೀರಿನ ಟಾಕಿ," ಎಂದ, ಸತ್ಯವಂತ.
"ಸಾಕು," ಎಂದಳು ಇವಳು ದೂರದಿಂದಲೇ,
"ಕೋಣೆಯಲ್ಲಿ ಕೂತು ನೋಡಲಿಕ್ಕೆ ಘಟ್ಟ ಇಳಿಯಬೇಕಾ?"

ಅವಳ ಪ್ರಶ್ನೆಗಳು ಮಾತ್ರ ಮುಗಿಯಲಿಲ್ಲ.
ರಾತ್ರಿ ಅದರ ಸದ್ದು ಎಷ್ಟು ದೂರ ಕೇಳುತ್ತದೆ?
ಕಾಳಿ ಬಂದು ಕೂಡುವಲ್ಲಿ ನೀರು ಎರಡು ಬಣ್ಣವಂತೆ, ಹೌದಾ?
ಮಧ್ಯಾಹ್ನ ಮರಳು ಕಾಲು ಸುಡುತ್ತದಾ?

ಏನು ಹೇಳಲಿ.
ಬಿಣಗಾ ದಾಟುವಾಗ ಎಡಕ್ಕೆ ಹೊಳೆಯುತ್ತದಂತೆ,
ಆಗ ನಾನು ತಲೆ ತಗ್ಗಿಸಿ ವೇಬಿಲ್ ಬರೆಯುತ್ತಿರುತ್ತೇನೆ.
ಮಕ್ಕಳು "ಅಗೋ" ಎಂದಾಗ ತಲೆಯೆತ್ತಿದರೆ
ನನಗೆ ಸಿಕ್ಕುವುದು ಅವರ ಬೆನ್ನು,
ಕಿಟಕಿಗೆ ಅಂಟಿದ ಅಂಗೈ.
ಸಂಜೆ ಡಿಪೋದಲ್ಲಿ ಗಾಡಿ ಗುಡಿಸುವಾಗ
ಸೀಟಿನ ಕೆಳಗೆ ಒಂದು ಹಿಡಿ ಮರಳು,
ಒಮ್ಮೆ ಒಂದು ಚಿಪ್ಪು.
ನನಗೆ ಗೊತ್ತಿರುವ ಸಮುದ್ರ ಅಷ್ಟೇ, ಒಣಗಿದ್ದು.

ಮರುದಿನ ಶಾಂತಾರಾಮನನ್ನು ಕೇಳಿದೆ.
"ಅರೇ ಜಟ್ಟಪ್ಪ, ದಿನಾ ಊರು ತುಳಿಯುವವ ನೀನು!"
ಎಂದು ಕ್ಯಾಂಟೀನೆಲ್ಲ ಕೇಳುವಂತೆ ನಕ್ಕ.
ಮತ್ತೆ ಗಲ್ಲೆಯ ಮೇಲೆ ಎಣ್ಣೆ ಬೆರಳಿನಲ್ಲೇ ನಕ್ಷೆ ಬಿಡಿಸಿದ:
ಇದು ಸ್ಟ್ಯಾಂಡು. ಇದು ರಸ್ತೆ. ಇಲ್ಲಿ ಗಾಳಿಮರ.
ಎಷ್ಟು ದೂರ?
"ಒಂದು ಬೀಡಿ ಮುಗಿಯುವುದರೊಳಗೆ."

ಒಂದು ಬೀಡಿ.
ಒಂಬತ್ತು ವರ್ಷ ನಾನು ಬನ್ಸು ತಿಂದೆ.

ಇದನ್ನು ಅವಳಿಗೆ ಹೇಳಲಿಲ್ಲ.
ಗಾಳಿಮರಗಳಿವೆ ಎಂದೆ. ಸ್ಟ್ಯಾಂಡಿನಿಂದ ಹತ್ತಿರ ಎಂದೆ.
ಅವಳು ಬರೆದುಕೊಂಡಳು.

ಶನಿವಾರ ನನ್ನ ಗಾಡಿಗೆ ಬೇರೆ ಕಂಡಕ್ಟರ್,
ಸ್ಟಿಯರಿಂಗಿನಲ್ಲಿ ಮಾತ್ರ ಅದೇ ದಾವಲಸಾಬ್.
ಅವಳದು ಸೊನ್ನೆ ರೂಪಾಯಿ ಚೀಟಿ, ನನ್ನದು ಪಾಸು,
ಪುಕ್ಕಟೆ ದಂಪತಿ.
ಎಡಗಡೆ ಕಿಟಕಿ ತನಗೇ ಎಂದು ಈಗಲೇ ಕರಾರು.
ಚಿಲ್ಲರೆ ಕೇಳುವವರಿಲ್ಲದೆ
ದೇವಿಮನೆ ಘಟ್ಟದ ತಿರುವುಗಳಲ್ಲಿ
ನನ್ನ ಎರಡು ಕೈಯನ್ನು ಎಲ್ಲಿಡುವುದೋ.

ದೀಪ ಆರಿಸಿದ ಮೇಲೂ ಕೇಳಿದಳು,
ಅಲ್ಲಿ ಬೆಳಿಗ್ಗೆ ಬೇಗ ಏಳಬೇಕಾ?
ಮರಳುವ ಬಸ್ಸು ಎಷ್ಟಕ್ಕೆ
ಎಂಬ ಒಂದು ಪ್ರಶ್ನೆ, ಅದೊಂದಕ್ಕೆ
ನಿದ್ದೆಗಣ್ಣಿನಲ್ಲೂ ಉತ್ತರ ಹೇಳಬಲ್ಲೆ.
ಕಾದೆ.
ಕೇಳಲಿಲ್ಲ ಮಾರಾಯ್ತಿ.